ಒಣಗುಡ್ಡದ ಹೂಗಳನ್ನು ಗುರುತಿಸುವ ಬಗೆ

(ವಿದ್ಯಾರ್ಥಿಗಳಿಗಾಗಿ ಸಂಘವು ಏರ್ಪಡಿಸಿದ್ದ ವಿಶೇಷ ಉಪನ್ಯಾಸದ ಬರಹರೂಪ)



ಇಂಥ ವೇದಿಕೆಯ ಮೇಲೆ ನಿಂತವರು ಸಾಮಾನ್ಯವಾಗಿ ಪರೀಕ್ಷೆ, ಅಂಕ, ನೌಕರಿ, ವಿದ್ಯಾರ್ಥಿವೇತನ ಇವುಗಳ ಬಗ್ಗೆ ಮಾತನಾಡುತ್ತಾರೆ. ಅವೂ ಬೇಕಾದ ಮಾತುಗಳೇ. ನಾನು ಸಸ್ಯಶಾಸ್ತ್ರ ಪಾಠ ಹೇಳಿಕೊಂಡು ಬಂದವನಾದ್ದರಿಂದ ಇಂದು ಗುಡ್ಡದ ಮೇಲಿನ ಕಾಡುಹೂಗಳ ವಿಷಯ ಎತ್ತಿಕೊಂಡಿದ್ದೇನೆ. ಮಲೆನಾಡಿನ ಹಸಿರು ಬೆಟ್ಟಗಳ ಬಗ್ಗೆ ಬರೆದವರು, ಹಾಡಿದವರು ಬಹಳ ಮಂದಿ ಇದ್ದಾರೆ. ನಾನು ಹೇಳಹೊರಟಿರುವುದು ಬಯಲುಸೀಮೆಯ ಒಣಗುಡ್ಡಗಳ ಮಾತು. ಗದಗ ಜಿಲ್ಲೆಯ ಕಪ್ಪತಗುಡ್ಡ, ಚಿತ್ರದುರ್ಗದ ಜೋಗಿಮಟ್ಟಿ, ಬಳ್ಳಾರಿ ಸೀಮೆಯ ಬಂಡೆಗುಡ್ಡಗಳು, ಹೀಗೆ. ಬೇಸಿಗೆಯಲ್ಲಿ ನೋಡಿದರೆ ಕಲ್ಲು, ಮುಳ್ಳು, ಒಣಹುಲ್ಲು ಬಿಟ್ಟು ಬೇರೇನೂ ಕಾಣದು. ಅಲ್ಲೇನು ಹೂವಿದೆ ಎಂದು ನೀವು ಕೇಳಬಹುದು.

ಆ ಪ್ರಶ್ನೆಯನ್ನು ಸರಕಾರವೂ ಕೇಳಿತ್ತೆಂಬಂತೆ ಒಂದು ಪ್ರಸಂಗ ನಡೆಯಿತು. ಗದಗ, ಮುಂಡರಗಿ, ಶಿರಹಟ್ಟಿ ತಾಲ್ಲೂಕುಗಳಲ್ಲಿ ಹಬ್ಬಿರುವ ಕಪ್ಪತಗುಡ್ಡದ ನೆಲದಲ್ಲಿ ಕಬ್ಬಿಣ, ಮ್ಯಾಂಗನೀಸ್ ಅದಿರು ಇದೆ, ಚಿನ್ನದ ಆಸೆಯೂ ಇದೆ. 2015ರ ಕೊನೆಗೆ ಅದನ್ನು ಸಂರಕ್ಷಿತ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. 2016ರಲ್ಲಿ ಆ ಘೋಷಣೆಯನ್ನು ಹಿಂತೆಗೆದುಕೊಳ್ಳಲಾಯಿತು. ಗದುಗಿನ ತೋಂಟದಾರ್ಯ ಮಠದ ಡಾ. ಸಿದ್ಧಲಿಂಗ ಸ್ವಾಮಿಗಳು, ರೈತರು, ಪರಿಸರಾಸಕ್ತರು ಸೇರಿ ಹೋರಾಟ ನಡೆಸಿದರು. 2017ರಲ್ಲಿ ಘೋಷಣೆ ಮರಳಿ ಜಾರಿಗೆ ಬಂತು. 2019ರಲ್ಲಿ ಸುಮಾರು 244 ಚದರ ಕಿಲೋಮೀಟರ್ ಪ್ರದೇಶ ವನ್ಯಜೀವಿಧಾಮವಾಯಿತು. ಈ ಗುಡ್ಡದ ಪರವಾಗಿ ಮಾತನಾಡಿದವರೆಲ್ಲ ಮೊದಲು ಹೇಳುತ್ತಿದ್ದ ಮಾತು ಒಂದೇ: ಇಲ್ಲಿ ಔಷಧಿ ಸಸ್ಯಗಳಿವೆ. ಇವೆ ಎಂದರೆ ಸಾಲದು; ಯಾವುವು, ಎಲ್ಲಿ, ಯಾವ ಹೆಸರಿನವು ಎಂದು ತೋರಿಸಬೇಕಾಗುತ್ತದೆ. ಗಿಡ ಗುರುತಿಸಬಲ್ಲ ಮನುಷ್ಯ ಇಲ್ಲದಿದ್ದರೆ ಗುಡ್ಡ ಕಾಗದದ ಮೇಲೆ ಬಂಜರು ಎಂದೇ ದಾಖಲಾಗುತ್ತದೆ. ಬಂಜರು ನೆಲವನ್ನು ಅಗೆಯಲು ಯಾರ ಅಡ್ಡಿಯೂ ಇರುವುದಿಲ್ಲ.

ಹಾಗಾದರೆ ಗುರುತಿಸುವುದು ಹೇಗೆ? ಮೊದಲನೆಯದಾಗಿ, ಹೆಸರನ್ನು ನಂಬಬೇಡಿ.

ನಮ್ಮ ಸೀಮೆಯಲ್ಲಿ ರಸ್ತೆಬದಿ, ಕೆರೆಯಂಗಳ, ಪಾಳುಹೊಲ ಎಲ್ಲೆಡೆ ತುಂಬಿರುವ ಮುಳ್ಳಿನ ಮರಕ್ಕೆ ಬಳ್ಳಾರಿ ಜಾಲಿ ಎನ್ನುತ್ತೇವೆ. ಹೆಸರು ಕೇಳಿದರೆ ಬಳ್ಳಾರಿಯಲ್ಲೇ ಹುಟ್ಟಿದ್ದು ಅನ್ನಿಸುತ್ತದೆ. ಅದು ಹುಟ್ಟಿದ್ದು ಅಮೆರಿಕ ಖಂಡದಲ್ಲಿ. ಉರುವಲಿಗೆಂದು ಹತ್ತೊಂಬತ್ತನೆಯ ಶತಮಾನದಲ್ಲಿ ತಂದು ನೆಟ್ಟಿದ್ದು ಇಂದು ಯಾರ ಅಪ್ಪಣೆಯೂ ಇಲ್ಲದೆ ಬೆಳೆಯುತ್ತಿದೆ. ನಮ್ಮದೇ ಆದ ಕರಿಜಾಲಿಯನ್ನು ಅದರ ಪಕ್ಕದಲ್ಲಿ ನಿಲ್ಲಿಸಿ ನೋಡಿ. ಕರಿಜಾಲಿಯ ಹೂ ಹಳದಿ ಉಣ್ಣೆಯ ಚೆಂಡಿನಂತೆ ದುಂಡಗೆ ಇರುತ್ತದೆ. ಬಳ್ಳಾರಿ ಜಾಲಿಯ ಹೂಗೊಂಚಲು ಬೆರಳಿನಂತೆ ಉದ್ದಕ್ಕೆ ಜೋತುಬಿದ್ದಿರುತ್ತದೆ, ಬಣ್ಣ ಹಸಿರು ಬೆರೆತ ಹಳದಿ. ಕರಿಜಾಲಿಯ ಕಾಯಿ ಮಣಿ ಪೋಣಿಸಿದ ಸರದಂತೆ ನಡುನಡುವೆ ಕಿರಿದಾಗುತ್ತದೆ; ಬಳ್ಳಾರಿ ಜಾಲಿಯದು ಹಾಗಿಲ್ಲ. ಇಷ್ಟು ಗೊತ್ತಿದ್ದರೆ ಬಸ್ಸಿನ ಕಿಟಕಿಯಿಂದಲೂ ಎರಡನ್ನೂ ಬೇರೆ ಮಾಡಬಹುದು.

ಪಾಪಾಸುಕಳ್ಳಿಯ ಕಥೆ ಇನ್ನೂ ಸ್ವಾರಸ್ಯವಾಗಿದೆ. ಪಾಪಾಸು ಎಂದರೆ ಚಪ್ಪಲಿ. ಫಾರಸಿಯ ಪಾಪೋಶ್ ನಮ್ಮ ಬಾಯಲ್ಲಿ ಪಾಪಾಸು ಆಯಿತು. ಚಪ್ಪಲಿಯ ಅಟ್ಟೆಯಂತೆ ಚಪ್ಪಟೆಯಾಗಿ ಒಂದರ ಮೇಲೊಂದು ಬೆಳೆಯುವ ಗಿಡಕ್ಕೆ ನಮ್ಮವರು ಎಷ್ಟು ಚೆಂದದ ಹೆಸರು ಕೊಟ್ಟಿದ್ದಾರೆ ನೋಡಿ. ಹೆಸರು ಫಾರಸಿ ಮತ್ತು ಕನ್ನಡದ ಕೂಡಿಕೆ, ಗಿಡ ಮಾತ್ರ ಅಮೆರಿಕದ್ದು. ಇದರ ಮೇಲೆ ಬದುಕುವ ಕಾಚಿನೀಲ್ ಎಂಬ ಪುಟ್ಟ ಕೀಟದಿಂದ ಕೆಂಪು ಬಣ್ಣ ಸಿಗುತ್ತದೆ. ಆ ಬಣ್ಣದ ವ್ಯಾಪಾರದ ಆಸೆಗೆ 1795ರಲ್ಲಿ ಬ್ರೆಜಿಲ್‌ನಿಂದ ಕೀಟವನ್ನು ಭಾರತಕ್ಕೆ ತಂದರು. ಬಂದದ್ದು ಬೇರೆ ಜಾತಿಯ ಕೀಟ, ಒಳ್ಳೆಯ ಬಣ್ಣ ಕೊಡಲಿಲ್ಲ. ಆದರೆ ಒಂದು ಬಗೆಯ ಕಳ್ಳಿಯನ್ನು ತಿಂದು ಮುಗಿಸತೊಡಗಿತು. ಕಳೆಯನ್ನು ಕೀಟದಿಂದ ಹತೋಟಿಗೆ ತಂದ ಮೊದಲ ಉದಾಹರಣೆಯೆಂದು ಇದನ್ನೇ ಪುಸ್ತಕಗಳು ಹೇಳುತ್ತವೆ. ಉಳಿದ ಬಗೆಯ ಪಾಪಾಸುಕಳ್ಳಿಗಾಗಿ 1926ರಲ್ಲಿ ಶ್ರೀಲಂಕಾದಿಂದ ಇನ್ನೊಂದು ಜಾತಿಯ ಕೀಟವನ್ನು ತರಲಾಯಿತು.

ನಮ್ಮ ಒಣಗುಡ್ಡಗಳಲ್ಲಿ ಹುಟ್ಟಿ ಬೆಳೆದ ಕಳ್ಳಿ ಎಂದರೆ ಚದುರಕಳ್ಳಿ. ಪಾಪಾಸುಕಳ್ಳಿಗೂ ಇದಕ್ಕೂ ನೆಂಟಸ್ತಿಕೆಯೇ ಇಲ್ಲ, ಎರಡೂ ಬೇರೆ ಬೇರೆ ಕುಟುಂಬಗಳು. ನೀರಿಲ್ಲದ ಜಾಗದಲ್ಲಿ ಬದುಕಬೇಕಾಗಿ ಬಂದು ಎರಡೂ ಎಲೆಗಳನ್ನು ಕೈಬಿಟ್ಟು ಕಾಂಡದಲ್ಲೇ ನೀರು ಕೂಡಿಟ್ಟವು, ಹಾಗಾಗಿ ನೋಡಲು ಅಣ್ಣತಮ್ಮಂದಿರಂತೆ ಕಾಣುತ್ತವೆ. ಪತ್ತೆ ಹಚ್ಚುವುದು ಸುಲಭ. ಚದುರಕಳ್ಳಿಯ ಕಾಂಡಕ್ಕೆ ಏಣುಗಳಿರುತ್ತವೆ. ಏಣಿನ ಮೇಲೆ ಮುಳ್ಳುಗಳು ಜೋಡಿಜೋಡಿಯಾಗಿ ಇರುತ್ತವೆ. ಗೀರಿದರೆ ಬಿಳಿ ಹಾಲು ಸುರಿಯುತ್ತದೆ. ಪಾಪಾಸುಕಳ್ಳಿಯ ಮುಳ್ಳುಗಳು ಒಂದೊಂದು ಚುಕ್ಕೆಯಂಥ ಮೆತ್ತೆಯಿಂದ ಗುಂಪಾಗಿ ಏಳುತ್ತವೆ, ಹಾಲು ಇರುವುದಿಲ್ಲ. ಕಳ್ಳಿಯ ಹಾಲು ಕಣ್ಣಿಗೆ ತಾಗಿದರೆ ಬಹಳ ಅಪಾಯ, ಆದ್ದರಿಂದ ಗೀರಿ ನೋಡುವ ಕೆಲಸವನ್ನು ಮಕ್ಕಳು ಮಾಡಬೇಡಿ. ಮುಳ್ಳು ಎಣಿಸಿದರೆ ಸಾಕು.

ಇಲ್ಲಿ ಸ್ವಲ್ಪ ನಿಂತು ಒಂದು ಮಾತು ಹೇಳಿಬಿಡುತ್ತೇನೆ. ಇಲ್ಲಿಯ ಗಿಡ, ಹೊರಗಿನ ಗಿಡ ಎಂದು ನಾನು ಪದೇಪದೇ ಹೇಳುವುದನ್ನು ಕೇಳಿ ಯಾರೂ ಅದನ್ನು ಮನುಷ್ಯರಿಗೆ ಅನ್ವಯಿಸಲು ಹೋಗಬೇಡಿ. ಮನುಷ್ಯರ ಲೆಕ್ಕ ಬೇರೆ. ಗಿಡಗಳಲ್ಲೂ ಹೊರಗಿನಿಂದ ಬಂದದ್ದೆಲ್ಲ ಕೆಟ್ಟದ್ದಲ್ಲ. ನಾವು ರೊಟ್ಟಿ ಬಡಿಯುವ ಜೋಳ ಆಫ್ರಿಕದಿಂದ ಬಂದದ್ದು. ಬ್ಯಾಡಗಿ ಮೆಣಸಿನಕಾಯಿಯ ಮೂಲ, ಶೇಂಗಾದ ಮೂಲ ಎರಡೂ ಅಮೆರಿಕ. ಅವು ಹೊಲದ ಬದುವಿನೊಳಗೆ ಇದ್ದು ನಮ್ಮನ್ನು ಸಾಕುತ್ತಿವೆ. ಸಸ್ಯಶಾಸ್ತ್ರಜ್ಞ ಕೇಳುವ ಪ್ರಶ್ನೆ ಬೇರೆ: ಈ ಗಿಡ ಗುಡ್ಡದಲ್ಲಿ ಇತರರಿಗೆ ಜಾಗ ಬಿಡುತ್ತದೋ ಇಲ್ಲವೋ? ಬಳ್ಳಾರಿ ಜಾಲಿ, ಲಂಟಾನ, 1955ರಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿದ್ದು ಮುಂದೆ ದೇಶ ತುಂಬಿದ ಪಾರ್ಥೇನಿಯಂ, ಇವು ಬಿಡುವುದಿಲ್ಲ. ಅವುಗಳ ಕೆಳಗೆ ನಮ್ಮ ಸಣ್ಣ ಹೂಗಳು ಉಸಿರುಕಟ್ಟುತ್ತವೆ. ಸಣ್ಣ ಹೂವಿನ ಗುರುತೇ ಇಲ್ಲದವನಿಗೆ ಅದು ಹೋದದ್ದೂ ತಿಳಿಯುವುದಿಲ್ಲ.

ಎರಡನೆಯದು, ಹೂವಿನ ಬಣ್ಣಕ್ಕೆ ಮರುಳಾಗಬೇಡಿ. ಎಲೆಯ ಬುಡ ನೋಡಿ. ಇದಕ್ಕೆ ತಂಗಡಿಗಿಂತ ಒಳ್ಳೆಯ ಪಾಠ ಇಲ್ಲ.

ತಂಗಡಿ ಎಂದರೆ ಆವರಿಕೆ, ಉರ್ದುವಿನಲ್ಲಿ ತರ್ವರ್. ಸಸ್ಯಶಾಸ್ತ್ರದ ಹೆಸರು ಸೆನ್ನಾ ಆರಿಕ್ಯುಲೇಟಾ. ಎದೆಯೆತ್ತರ ಬೆಳೆಯುವ ಪೊದೆ, ಮಳೆ ಬಿದ್ದ ಮೇಲೆ ಇಡೀ ಗುಡ್ಡಕ್ಕೆ ಹಳದಿ ಬಳಿದಂತೆ ಹೂ ಬಿಡುತ್ತದೆ. ದನಕರು ಸಾಮಾನ್ಯವಾಗಿ ಇದಕ್ಕೆ ಬಾಯಿ ಹಾಕುವುದಿಲ್ಲ, ಆದ್ದರಿಂದ ಮೇದು ಬೋಳಾದ ಗುಡ್ಡದಲ್ಲೂ ಇದು ಉಳಿಯುತ್ತದೆ. ಇದರ ತೊಗಟೆಯಲ್ಲಿ ಟ್ಯಾನಿನ್ ಹೇರಳವಾಗಿದೆ. ದಕ್ಷಿಣ ಭಾರತದ ಚರ್ಮ ಹದಮಾಡುವ ಉದ್ಯಮ ಬಹುಕಾಲ ಈ ತೊಗಟೆಯನ್ನು ನಂಬಿ ನಡೆಯಿತು. ನಮ್ಮ ಸಮುದಾಯದ ಎಷ್ಟೋ ಮನೆತನಗಳು ಚರ್ಮದ ವ್ಯಾಪಾರದಿಂದ ಮೇಲೆ ಬಂದವು; ಆ ಮನೆಗಳ ಹಿರಿಯರನ್ನು ಕೇಳಿದರೆ ಆವರಿಕೆ ತೊಗಟೆಯ ಹೆಸರು ಅವರಿಗೆ ನೆನಪಿದ್ದರೂ ಇರಬಹುದು. ತೆಲಂಗಾಣ ರಾಜ್ಯವಾದಾಗ ಇದನ್ನೇ ರಾಜ್ಯದ ಹೂವಾಗಿ ಆರಿಸಿಕೊಂಡಿತು.

ಈಗ ಗಿಡದ ಹತ್ತಿರ ಹೋಗಿ. ಎಲೆ ಒಂದೇ ಕಂಡರೂ ಅದು ಸಂಯುಕ್ತ ಎಲೆ, ನಡುಕಡ್ಡಿಯ ಎರಡೂ ಬದಿಗೆ ಕಿರುಎಲೆಗಳ ಜೋಡಿಗಳಿವೆ. ಕಡ್ಡಿಯು ಕೊಂಬೆಗೆ ಸೇರುವ ಕಡೆ ನೋಡಿ. ಅಲ್ಲಿ ಕಿವಿಯ ಆಕಾರದ ಅಗಲವಾದ ಎಲೆಚೂರು ಎರಡೂ ಬದಿಗೆ ಅಂಟಿಕೊಂಡಿರುತ್ತದೆ. ಆರಿಕ್ಯುಲೇಟಾ ಎಂದರೆ ಕಿವಿಯುಳ್ಳದ್ದು ಎಂದೇ ಅರ್ಥ. ಇನ್ನು ಕಿರುಎಲೆಗಳ ಪ್ರತಿ ಜೋಡಿಯ ನಡುವೆ ಸೂಕ್ಷ್ಮವಾದ ಕಡ್ಡಿಯಂಥ ಗ್ರಂಥಿ ಇರುತ್ತದೆ, ಬಿಸಿಲಿಗೆ ಹಿಡಿದರೆ ಕಾಣುತ್ತದೆ. ಕಿವಿ ಮತ್ತು ಗ್ರಂಥಿ ಎರಡೂ ಇದ್ದರೆ ಅದು ತಂಗಡಿಯೇ, ಹೂವಿಲ್ಲದ ಕಾಲದಲ್ಲೂ ಹೇಳಬಹುದು. ಹೂವಿನ ಒಳಗೆ ಹತ್ತು ಕೇಸರಗಳಿವೆ, ಮೇಲಿನ ಮೂರು ಬಂಜೆ. ಉಳಿದವುಗಳ ಪರಾಗ ಹಿಟ್ಟು ತುಂಬಿದ ಡಬ್ಬಿಯಲ್ಲಿದ್ದಂತೆ, ತುದಿಯ ರಂಧ್ರದಿಂದ ಮಾತ್ರ ಹೊರಬರಬೇಕು. ದೊಡ್ಡ ದುಂಬಿ ಬಂದು ಹೂವನ್ನು ಅಪ್ಪಿ ರೆಕ್ಕೆಯ ಸ್ನಾಯುಗಳನ್ನು ಗುಂಯ್ಗುಡಿಸಿ ಅಲುಗಾಡಿಸಿದಾಗ ಪರಾಗ ಉದುರುತ್ತದೆ. ತಂಗಡಿ ಪೊದೆಯ ಬಳಿ ಐದು ನಿಮಿಷ ಸುಮ್ಮನೆ ನಿಂತರೆ ಆ ಸದ್ದು ಕಿವಿಗೆ ಬೀಳುತ್ತದೆ.

ಇದೇ ಹಳದಿ ಹೂವಿನ ಇನ್ನೊಂದು ಗಿಡ ತಿಪ್ಪೆಯ ಬಳಿ, ಹಾಳುಗೋಡೆಯ ಬಳಿ ಬೆಳೆಯುತ್ತದೆ. ದೊಡ್ಡ ತಗಚೆ ಎನ್ನುತ್ತಾರೆ, ಹಿಂದಿ ಉರ್ದು ಬಲ್ಲವರು ಕಸೌಂದಿ ಎನ್ನುತ್ತಾರೆ. ಇದು ಅಮೆರಿಕದಿಂದ ಬಂದದ್ದು. ಹೂ ಮಾತ್ರ ನೋಡಿದವನು ಇದನ್ನೂ ತಂಗಡಿ ಎಂದುಬಿಡುತ್ತಾನೆ. ಇದಕ್ಕೆ ಕಿವಿಯಿಲ್ಲ. ಗ್ರಂಥಿ ಒಂದೇ, ಅದೂ ಎಲೆದಂಟಿನ ಬುಡದಲ್ಲಿ. ಕಿರುಎಲೆ ನಾಲ್ಕೈದು ಜೋಡಿ, ತುದಿ ಚೂಪು, ಹಿಸುಕಿದರೆ ಗಬ್ಬುವಾಸನೆ. ಈ ವ್ಯತ್ಯಾಸ ಏಕೆ ಇಷ್ಟು ಮುಖ್ಯ ಎಂದರೆ, ಪಶ್ಚಿಮ ಉತ್ತರ ಪ್ರದೇಶದಲ್ಲಿ ಪ್ರತಿ ಚಳಿಗಾಲ ಪುಟ್ಟ ಮಕ್ಕಳು ಮೆದುಳುಜ್ವರದಂಥ ಕಾಯಿಲೆಯಿಂದ ಸಾಯುತ್ತಿದ್ದರು. ವರ್ಷಗಟ್ಟಲೆ ಯಾವುದೋ ವೈರಸ್ ಎಂದು ಹುಡುಕಾಡಿದರು. ಆ ಮಕ್ಕಳು ಆಟವಾಡುತ್ತ ಕಸೌಂದಿಯ ಬೀಜ ತಿಂದಿದ್ದವೆಂದು ವೈದ್ಯರು 2007ರಲ್ಲಿ ಪ್ರಕಟಿಸಿದರು. ಗಿಡ ಮನೆಯ ಹಿತ್ತಿಲಲ್ಲೇ ಇತ್ತು.

ಅರಿಶಿನ ಉಮ್ಮತ್ತಿ ಎಂಬ ಮುಳ್ಳೆಲೆಯ ಗಿಡವೂ ಇಂಥದ್ದೇ. ಮೆಕ್ಸಿಕೊದ ಕಡೆಯಿಂದ ಬಂದದ್ದು, ಹಳದಿ ಹೂ, ಮುರಿದರೆ ಹಳದಿ ರಸ, ಎಲೆಯ ನರಗಳ ಗುಂಟ ಬಿಳಿ ಗೆರೆ. ಬೀಜ ಸಾಸಿವೆಯಂತೆಯೇ ಕಾಣುತ್ತದೆ. 1998ರಲ್ಲಿ ದಿಲ್ಲಿಯಲ್ಲಿ ಇದರ ಎಣ್ಣೆ ಸಾಸಿವೆ ಎಣ್ಣೆಯಲ್ಲಿ ಬೆರೆತು 60ಕ್ಕೂ ಹೆಚ್ಚು ಜನ ಸತ್ತರು.

ಗಿಡದ ಕಾಂಡವನ್ನೂ ಮುಟ್ಟಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ತುಂಬೆ ನಿಮಗೆಲ್ಲ ಗೊತ್ತು. ಅದರ ಕಾಂಡವನ್ನು ಬೆರಳುಗಳ ನಡುವೆ ಹೊರಳಿಸಿದರೆ ಉರುಳದು, ನಾಲ್ಕು ಮೂಲೆ ತಾಗುತ್ತದೆ. ಎಲೆಗಳು ಎದುರುಬದುರು. ಬಿಳಿ ಹೂಗಳು ಗೆಣ್ಣಿನ ಸುತ್ತ ಗುಂಡಗೆ ಕೂತಿರುತ್ತವೆ. ಒಂದು ಹೂ ಕಿತ್ತರೆ ಮೇಲ್ದುಟಿ ಉಣ್ಣೆಯ ಟೋಪಿಯಂತೆ, ಕೆಳದುಟಿ ಅಗಲವಾಗಿ ಚಾಚಿಕೊಂಡಿರುತ್ತದೆ, ಜೇನ್ನೊಣ ಬಂದು ಇಳಿಯಲು ಹಾಕಿಟ್ಟ ಹಾಸಿನಂತೆ. ನಾಲ್ಕು ಮೂಲೆಯ ಕಾಂಡ, ಎದುರುಬದುರು ಎಲೆ, ಎರಡು ತುಟಿಯ ಹೂ ಈ ಮೂರು ಸೇರಿದರೆ ಅದು ತುಳಸಿಯ ಕುಟುಂಬ ಎಂದು ಬಹುಮಟ್ಟಿಗೆ ಹೇಳಬಹುದು. ಆದರೆ ಕುಟುಂಬ ತಿಳಿದ ಮಾತ್ರಕ್ಕೆ ಊರು ತಿಳಿಯುವುದಿಲ್ಲ. ಗಾಟುವಾಸನೆಯ, ನೀಲಿ ಹೂವಿನ, ಆಳೆತ್ತರ ಬೆಳೆಯುವ ಹಿಪ್ಟಿಸ್ ಎಂಬ ಗಿಡವೂ ಇದೇ ಕುಟುಂಬದ್ದು, ಅದೇ ಚೌಕ ಕಾಂಡ, ಬಂದದ್ದು ಮಾತ್ರ ಅಮೆರಿಕದಿಂದ.

ಮುತ್ತುಗದ ವಿಷಯದಲ್ಲಿ ಯಾರಿಗೂ ಗೊಂದಲ ಬೇಡ. ಢಾಕ್ ಕೆ ತೀನ್ ಪಾತ್ ಎಂಬ ಗಾದೆ ಮನೆಯಲ್ಲಿ ಕೇಳಿರುತ್ತೀರಿ. ಏನು ಮಾಡಿದರೂ ಪರಿಸ್ಥಿತಿ ಬದಲಾಗುವುದಿಲ್ಲ ಎನ್ನಲು ಬಳಸುತ್ತಾರೆ. ಢಾಕ್ ಎಂದರೆ ಮುತ್ತುಗವೇ. ಒಂದು ದಂಟಿಗೆ ಮೂರೇ ಎಲೆ, ಅದೇ ಅದರ ಗುರುತು. ಎಲೆಯುದುರಿದ ಫೆಬ್ರುವರಿ, ಮಾರ್ಚ್‌ನಲ್ಲಿ ಕೇಸರಿ ಹೂ. ಅದೇ ಕಾಲಕ್ಕೆ ಬಂಡೆಗಳ ನಡುವೆ ಎಲೆಯೇ ಇಲ್ಲದ ಬೋಳು ಕೊಂಬೆಯ ತುದಿಯಲ್ಲಿ ಅಂಗೈಯಗಲದ ಹಳದಿ ಹೂಗಳು ಕಂಡರೆ ಅದು ಅರಿಶಿನ ಬೂರುಗ. ಎರಡೂ ನಮ್ಮ ನೆಲದವು.

ಇನ್ನು ವಿಷ್ಣುಕ್ರಾಂತಿ. ಇದನ್ನು ನೋಡಲು ಬಗ್ಗಬೇಕು, ಕೆಲವೊಮ್ಮೆ ಮಂಡಿಯೂರಬೇಕು. ನೆಲಕ್ಕೆ ಅಂಟಿಕೊಂಡು ಹರಡುವ ತೆಳ್ಳಗಿನ ಗಿಡ, ರೇಷ್ಮೆಯಂಥ ರೋಮ, ನೂಲಿನಂಥ ತೊಟ್ಟಿನ ತುದಿಗೆ ಬೆರಳುಗುರಿಗಿಂತ ಚಿಕ್ಕದಾದ ಆಕಾಶನೀಲಿ ಹೂ. ಹುಲ್ಲುಹಾಸಿನಲ್ಲಿ ಇದರ ದಾಯಾದಿಯೊಂದು ಹಬ್ಬುತ್ತದೆ. ಅದರ ಎಲೆ ದುಂಡಗೆ, ಹೂ ಬಿಳಿ, ಅದು ಅಮೆರಿಕದ್ದು. ವೈದ್ಯಗ್ರಂಥಗಳಲ್ಲಿ ಬರುವ ಶಂಖಪುಷ್ಪಿ ಯಾವುದು ಎಂದು ಕೇಳಿದರೆ ಮೂರು ಕಡೆ ಮೂರು ಉತ್ತರ ಸಿಗುತ್ತದೆ. ಕೆಲವರು ಈ ವಿಷ್ಣುಕ್ರಾಂತಿಯನ್ನೇ ತೋರಿಸುತ್ತಾರೆ. ಉತ್ತರ ಭಾರತದವರು ಕಾನ್ವಾಲ್ವುಲಸ್ ಎಂಬ ಬೇರೊಂದು ಗಿಡವನ್ನು ತೋರಿಸುತ್ತಾರೆ. ನಮ್ಮಲ್ಲಿ ಶಂಖಪುಷ್ಪ ಎಂದರೆ ಬೇಲಿಗೆ ಹಬ್ಬುವ, ಅವರೆಯ ಜಾತಿಯ ನೀಲಿ ಹೂವಿನ ಬಳ್ಳಿ. ಮೂರು ಗಿಡ, ಮೂರರ ಒಳಗಿನ ರಾಸಾಯನಿಕಗಳೂ ಒಂದೇ ಅಲ್ಲ. ಪುಡಿ ಮಾಡಿ ಪೊಟ್ಟಣ ಕಟ್ಟಿದ ಮೇಲೆ ಗುರುತಿಸುವವರು ಯಾರು? ಲ್ಯಾಟಿನ್ ಹೆಸರುಗಳನ್ನು ಬಾಯಿಪಾಠ ಮಾಡಿಸುತ್ತಾರೆಂದು ಬೇಸರಿಸುವ ವಿದ್ಯಾರ್ಥಿಗಳು ಇದನ್ನು ಸ್ವಲ್ಪ ಯೋಚಿಸಬೇಕು. ಆ ಹೆಸರು ಉಚ್ಚರಿಸಲು ಕಷ್ಟ ನಿಜ, ಆದರೆ ಅದು ಒಂದೇ ಗಿಡವನ್ನು ಹೇಳುತ್ತದೆ.

ಬೇರಿಗಾಗಿ ಕಳೆದುಹೋಗುತ್ತಿರುವ ಗಿಡ ಸೊಗದೆ. ನನ್ನಾರಿ ಶರಬತ್ತು ಕುಡಿದವರಿಗೆ ಅದರ ಪರಿಮಳ ಗೊತ್ತು. ಗುರುತಿಸಲೆಂದು ಬೇರು ಅಗೆದು ಮೂಸುವವರಿದ್ದಾರೆ. ಅಲ್ಲಿಗೆ ಆ ಗಿಡ ಮುಗಿಯಿತು. ಅಗೆಯುವ ಅಗತ್ಯವೇ ಇಲ್ಲ. ತಂತಿಯಂಥ ತೆಳ್ಳಗಿನ ಬಳ್ಳಿ, ಎದುರುಬದುರು ಎಲೆ, ಎಳೆಯ ಎಲೆಗಳು ಕಿರಿದಾಗಿದ್ದು ನಡುನರದ ಗುಂಟ ಬಿಳಿಯ ಪಟ್ಟೆ, ಎಲೆ ಚಿವುಟಿದರೆ ಹಾಲು. ಹೂ ಬಹಳ ಚಿಕ್ಕದು, ಹೊರಗೆ ಹಸಿರು, ಒಳಗೆ ನೇರಳೆ. ಇಷ್ಟು ಸಾಕು.

ಎಕ್ಕವನ್ನು ಬಲ್ಲೆವು ಎಂದು ಎಲ್ಲರೂ ಹೇಳುತ್ತಾರೆ. ಎಕ್ಕದಲ್ಲಿ ಎರಡು ಜಾತಿಗಳಿರುವುದನ್ನು ಗಮನಿಸಿದವರು ಕಡಿಮೆ. ಒಂದರ ಎಸಳುಗಳು ಬಿಚ್ಚಿ ಹಿಂದಕ್ಕೆ ಬಾಗಿರುತ್ತವೆ. ಇನ್ನೊಂದರ ಎಸಳುಗಳು ಬಟ್ಟಲಿನಂತೆ ನೆಟ್ಟಗಿದ್ದು ತುದಿಗೆ ನೇರಳೆ ಮಚ್ಚೆ ಇರುತ್ತದೆ. ನಿಮ್ಮ ಊರಿನಲ್ಲಿ ಯಾವುದಿದೆ, ಮನೆಗೆ ಹೋಗುವಾಗಲೇ ನೋಡಿಬಿಡಿ.

ಈಗ ಒಣಗುಡ್ಡದ ರಾಣಿಯ ವಿಷಯ. ಅಗ್ನಿಶಿಖೆ. ಗೌರಿಹಬ್ಬದ ಸುಮಾರಿಗೆ ಅರಳುವುದರಿಂದ ಗೌರಿ ಹೂ ಎಂದೂ ಹೆಸರು. ಪೊದೆಗಳ ಆಸರೆ ಹಿಡಿದು ಏರುವ ಬಳ್ಳಿ. ಏರಲು ಅದಕ್ಕೆ ಬೇರೆ ಕೈಗಳಿಲ್ಲ, ಎಲೆಯ ತುದಿಯೇ ಉದ್ದವಾಗಿ ಸುರುಳಿ ಸುತ್ತಿ ಆಸರೆಯನ್ನು ಹಿಡಿಯುತ್ತದೆ. ಇದೊಂದೇ ಗುರುತಿನಿಂದ ಹೂವಿಲ್ಲದಾಗಲೂ ಅದನ್ನು ಕಂಡುಹಿಡಿಯಬಹುದು. ಹೂ ತಲೆಕೆಳಗಾಗಿ ತೂಗುತ್ತದೆ. ಆರು ಎಸಳುಗಳು ಅಂಚಿನಲ್ಲಿ ಅಲೆಅಲೆಯಾಗಿ ಮೇಲಕ್ಕೆ ಮಡಚಿಕೊಳ್ಳುತ್ತವೆ, ಉರಿಯುವ ಒಲೆಯ ಜ್ವಾಲೆಗಳಂತೆ. ಮೊದಲು ಹಸಿರು ಬೆರೆತ ಹಳದಿ, ಆಮೇಲೆ ಬುಡ ಹಳದಿ ತುದಿ ಕೆಂಪು, ಕೊನೆಗೆ ಪೂರ್ತಿ ಕೆಂಪು. ಹೀಗಾಗಿ ಒಂದೇ ಬಳ್ಳಿಯಲ್ಲಿ ಮೂರು ಬಣ್ಣದ ಹೂಗಳು ಕಂಡರೆ ಮೂರು ಜಾತಿ ಎಂದುಕೊಳ್ಳಬೇಡಿ, ಅವು ಮೂರು ವಯಸ್ಸು. ಹೂವಿನ ನಡುವಿನ ಶಲಾಕೆ ನೇರ ಇಳಿಯದೆ ಲಂಬಕೋನದಲ್ಲಿ ಪಕ್ಕಕ್ಕೆ ತಿರುಗಿರುತ್ತದೆ. ತನ್ನ ಪರಾಗ ತನಗೇ ತಾಗದಂತೆ ದೂರ ಸರಿದು ನಿಂತ ಹಾಗೆ. ಆಫ್ರಿಕದಲ್ಲೂ ಭಾರತದಲ್ಲೂ ಸಹಜವಾಗಿ ಬೆಳೆಯುವ ಈ ಹೂ ಜಿಂಬಾಬ್ವೆಯ ರಾಷ್ಟ್ರಪುಷ್ಪ, ತಮಿಳುನಾಡಿನ ರಾಜ್ಯಪುಷ್ಪ.

ಇದರ ಪ್ರತಿಯೊಂದು ಭಾಗವೂ ವಿಷ. ಕೋಲ್ಚಿಸಿನ್ ಎಂಬ ಕ್ಷಾರ ಗೆಡ್ಡೆಯಲ್ಲೂ ಬೀಜದಲ್ಲೂ ಇದೆ. ಅದೇ ಕೋಲ್ಚಿಸಿನ್ ಅಳತೆಮಾಡಿ ಕೊಟ್ಟರೆ ಗೌಟ್ ಎಂಬ ಕೀಲುನೋವಿಗೆ ಔಷಧಿ. ತಮಿಳುನಾಡಿನ ರೈತರು ಬೀಜಕ್ಕಾಗಿ ಇದನ್ನು ಹೊಲದಲ್ಲಿ ಬೆಳೆದು ವಿದೇಶಕ್ಕೆ ಕಳಿಸುತ್ತಾರೆ. ಆದರೆ ಗೆಡ್ಡೆಯನ್ನು ಗೆಣಸೆಂದು ಬಗೆದು ಬೇಯಿಸಿ ತಿಂದು ಸತ್ತ ಪ್ರಕರಣಗಳು ಶ್ರೀಲಂಕಾದಿಂದ ವರದಿಯಾಗಿವೆ. ಮೊದಲು ವಾಂತಿಭೇದಿ, ಬದುಕುಳಿದವರಿಗೆ ಕೆಲವು ದಿನಗಳ ನಂತರ ತಲೆಗೂದಲು ಉದುರುತ್ತದೆ. ಗೆಡ್ಡೆಗೆ ಸಾಮಾನ್ಯವಾಗಿ ಎರಡು ಕವಲು, ನೇಗಿಲಿನ ಬಾಗಿನಂತೆ ಕಾಣುವುದರಿಂದಲೇ ಸಂಸ್ಕೃತದಲ್ಲಿ ಲಾಂಗಲಿ ಎಂದು ಹೆಸರು. ಗುಡ್ಡದಲ್ಲಿ ಕವಲೊಡೆದ ಗೆಡ್ಡೆ ಸಿಕ್ಕರೆ, ಮೇಲಿನ ಬಳ್ಳಿ ಒಣಗಿ ಹೋಗಿದ್ದರೂ, ಮನೆಗೆ ತರಬೇಡಿ.

ನಾವು ಹೊರಗಿನ ಕಳೆಗಳ ಬಗ್ಗೆ ದೂರುತ್ತೇವೆ, ಅಲ್ಲಿಯವರೂ ನಮ್ಮ ಕಡೆಯ ಗಿಡದ ಬಗ್ಗೆ ದೂರುತ್ತಾರೆ. ನೆಗ್ಗಿಲು ಮುಳ್ಳು, ಹಕೀಮರ ಗೋಖ್ರು, ಹಳೆಯ ಪ್ರಪಂಚದ ಸಸ್ಯ. ಐದು ಎಸಳಿನ ಸಣ್ಣ ಹಳದಿ ಹೂ, ಎದುರುಬದುರು ಇರುವ ಎಲೆಗಳಲ್ಲಿ ಒಂದು ದೊಡ್ಡದು ಒಂದು ಚಿಕ್ಕದು, ಕಾಯಿಗೆ ಗಟ್ಟಿ ಮುಳ್ಳು. ಇದು ಅಮೆರಿಕಕ್ಕೆ ಹೋಗಿ ಸೈಕಲ್ಲಿನ ಟೈರು ಪಂಕ್ಚರ್ ಮಾಡುವ ಕಳೆಯೆಂದು ಹೆಸರಾಯಿತು. ಅದನ್ನು ತಿನ್ನಲು 1961ರಲ್ಲಿ ಇಟಲಿಯಿಂದ ಎರಡು ಜಾತಿಯ ಸೊಂಡಿಲು ಹುಳುಗಳನ್ನು ಒಯ್ದು ಬಿಟ್ಟರು. ಪಾಪಾಸುಕಳ್ಳಿಗೆ ನಾವು ಮಾಡಿದ್ದನ್ನೇ ಅವರು ನೆಗ್ಗಿಲಿಗೆ ಮಾಡಿದರು.

ಈಗ ನಿಮ್ಮ ಕೈಯಲ್ಲಿ ಮೊಬೈಲ್ ಇದೆ, ಹೂವಿನ ಚಿತ್ರ ತೆಗೆದರೆ ಹೆಸರು ಹೇಳುವ ಆಪ್‌ಗಳಿವೆ. ಬಳಸಿ, ಬೇಡ ಎನ್ನುವುದಿಲ್ಲ. ಆದರೆ ಆಪ್ ಕೊಡುವುದು ಊಹೆ. ಹೂವಿನ ಒಂದು ಚಿತ್ರ ಮಾತ್ರ ಕೊಟ್ಟರೆ ತಂಗಡಿ, ಕಸೌಂದಿ ಎರಡರಲ್ಲಿ ಯಾವುದನ್ನಾದರೂ ಹೇಳೀತು. ಇಡೀ ಗಿಡದ್ದು, ಎಲೆ ಕೊಂಬೆಗೆ ಸೇರುವ ಜಾಗದ್ದು, ಎಲೆಯ ಬೆನ್ನಿನದು, ಹೂವಿನ ಮುಂದಿನದು ಮತ್ತು ಪಕ್ಕದ್ದು, ಕಾಯಿ ಇದ್ದರೆ ಕಾಯಿಯದು, ಹೀಗೆ ತೆಗೆದುಕೊಳ್ಳಿ. ಆಮೇಲೆ ಅದು ಕೊಟ್ಟ ಹೆಸರನ್ನು ಪುಸ್ತಕದ ವಿವರಣೆಯೊಂದಿಗೆ ಕೂಡಿಸಿ ನೋಡಿ. ಎನ್.ಪಿ. ಸಿಂಗ್ ಅವರು 1988ರಲ್ಲಿ ಎರಡು ಸಂಪುಟಗಳಲ್ಲಿ ಹೊರತಂದ ಪೂರ್ವ ಕರ್ನಾಟಕದ ಸಸ್ಯಗಳ ಗ್ರಂಥ ನಮ್ಮ ಒಣಸೀಮೆಗೆ ಸಂಬಂಧಿಸಿದ್ದು. ಕಾಲೇಜಿನ ಗ್ರಂಥಾಲಯದಲ್ಲಿ ಇಲ್ಲದಿದ್ದರೆ ತರಿಸಲು ಅಧ್ಯಾಪಕರನ್ನು ಕೇಳಿ. ಓದುವ ರುಚಿ ಹತ್ತಬೇಕಾದರೆ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಹಿಡಿಯಿರಿ. ವಿದ್ಯಾರ್ಥಿಗಳನ್ನು ಕರೆದುಕೊಂಡು ಕಾಡು ಸುತ್ತಿದ ಮೇಷ್ಟರ ಪುಸ್ತಕ ಅದು, 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆಯಿತು. ಗಿಡಗಳ ಪಾಠ ನಗುತ್ತ ಕಲಿಯಬಹುದೆಂದು ಅದನ್ನು ಓದಿದರೆ ತಿಳಿಯುತ್ತದೆ.

ಒಂದು ದಾಖಲೆ ಪುಸ್ತಕ ಇಟ್ಟುಕೊಳ್ಳಿ. ದಿನಾಂಕ, ಊರು, ಗುಡ್ಡದ ಯಾವ ಮೈ, ಮಣ್ಣು ಕೆಂಪೋ ಕಪ್ಪೋ ಬರಿ ಬಂಡೆಯೋ, ಗಿಡದ ಎತ್ತರ, ಹಾಲು ಉಂಟೋ ಇಲ್ಲವೋ, ವಾಸನೆ, ಹೂವಿನ ಬಣ್ಣ. ಬಣ್ಣವನ್ನು ಅಲ್ಲೇ ಬರೆದುಕೊಳ್ಳಬೇಕು, ಒಣಗಿದ ಮೇಲೆ ನೀಲಿಯೂ ಕಂದು, ಹಳದಿಯೂ ಕಂದು. ಆ ಊರಿನ ಕುರಿಗಾಹಿಯನ್ನೋ ಹಿರಿಯ ಅಜ್ಜಿಯನ್ನೋ ಕೇಳಿ ಅವರು ಕರೆಯುವ ಹೆಸರನ್ನೂ ಬರೆಯಿರಿ. ಹೆಸರನ್ನು ನಂಬಬೇಡಿ ಎಂದವನೇ ಈಗ ಹೆಸರು ಕೇಳಿ ಎನ್ನುತ್ತಿದ್ದೇನಲ್ಲ ಎಂದು ನಗಬೇಡಿ. ಊರಿನ ಹೆಸರಿನಿಂದ ಗಿಡದ ಉಪಯೋಗ ತಿಳಿಯುತ್ತದೆ, ಅದು ಬಂದ ದಾರಿಯೂ ಕೆಲವೊಮ್ಮೆ ತಿಳಿಯುತ್ತದೆ. ಗಿಡ ಯಾವುದೆಂದು ತೀರ್ಮಾನಿಸುವುದು ಮಾತ್ರ ಎಲೆ, ಕಾಂಡ, ಹೂ ನೋಡಿಯೇ.

ಹೋಗುವ ಕಾಲದ ಬಗ್ಗೆ ಹೇಳಿ ಮುಗಿಸುತ್ತೇನೆ. ಗದಗ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆಯೇ 600 ಮಿಲಿಮೀಟರ್ ಆಸುಪಾಸು. ಆ ನೀರು ಮಣ್ಣಿನಲ್ಲಿ ಇರುವಷ್ಟು ದಿನ ಸಣ್ಣ ಗಿಡಗಳು ಅವಸರದಲ್ಲಿ ಮೊಳೆತು, ಹೂಬಿಟ್ಟು, ಬೀಜ ಕಟ್ಟಿ ಮುಗಿಸುತ್ತವೆ. ಆಗಸ್ಟ್ ಕೊನೆಯಿಂದ ಅಕ್ಟೋಬರ್‌ವರೆಗೆ ಒಳ್ಳೆಯ ಕಾಲ. ಮುತ್ತುಗ, ಅರಿಶಿನ ಬೂರುಗಕ್ಕಾಗಿ ಮಾತ್ರ ಫೆಬ್ರುವರಿ, ಮಾರ್ಚ್‌ನಲ್ಲಿ ಇನ್ನೊಮ್ಮೆ ಹೋಗಬೇಕು. ಕಪ್ಪತಗುಡ್ಡ ಈಗ ವನ್ಯಜೀವಿಧಾಮ, ಅರಣ್ಯ ಇಲಾಖೆಯ ಅನುಮತಿ ಪಡೆದೇ ಹೋಗಿ, ಅಲ್ಲಿಂದ ಒಂದು ಎಲೆಯನ್ನೂ ಕೀಳಬೇಡಿ, ಚಿತ್ರ ಮತ್ತು ಟಿಪ್ಪಣಿ ಸಾಕು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಸಣ್ಣ ಭೂತಗನ್ನಡಿ ಜೇಬಿನಲ್ಲಿರಲಿ. ಬೆಳಿಗ್ಗೆ 7 ಗಂಟೆಗೆಲ್ಲ ಗುಡ್ಡದ ಬುಡದಲ್ಲಿರುವಂತೆ ಹೊರಡಿ. ತಡಮಾಡಿದರೆ ವಿಷ್ಣುಕ್ರಾಂತಿ ಸಿಗುವುದಿಲ್ಲ, ಮಧ್ಯಾಹ್ನದ ಹೊತ್ತಿಗೆ ಅದು ಹೂ ಮುಚ್ಚಿಕೊಂಡುಬಿಡುತ್ತದೆ.